ಜೇಬಿನಲ್ಲಿ ಸಿಕ್ಕ ಮೂರು ಶೇಂಗಾ

ಹೆಸರು, ಕೆಲಸ, ಒಂದೆರಡು ವಿವರ ಬದಲಿಸಿದ್ದೇನೆ. ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವರನ್ನು ಸುಮಾ ಅಂತ ಕರೆಯೋಣ. ವಯಸ್ಸು 34, ಕಲಬುರಗಿಯ ಶಿಕ್ಷಕಿ. ಮೇ ತಿಂಗಳ ಕೆಂಡದಂಥ ಬಿಸಿಲಲ್ಲಿ ಅಪ್ಪ ಹಠಾತ್ತಾಗಿ ಹೋದರು. ಸುಮಾ ನನ್ನ ಬಳಿ ಬಂದದ್ದು ಶ್ರಾವಣದಲ್ಲಿ.

"ನಿದ್ದಿ ಬರಂಗಿಲ್ರಿ" ಎಂದರು. ಆಸ್ಪತ್ರೆಗೆ ಒಯ್ಯಲು ತಡವಾಯಿತು ಅನ್ನೋ ಕೊರಗು ಇರಬೇಕು ಅಂದುಕೊಂಡೆ. ಮೊದಲ ಭೇಟಿ ಪೂರ್ತಿ ಅದನ್ನೇ ಕೆದಕಿದೆ. ತಪ್ಪು ನನ್ನದೇ. ಎರಡನೇ ಸಲ ಬಂದಾಗ ಅವರು ಒಂದು ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಮೂರು ಶೇಂಗಾ ಕಾಯಿ. ಒಂದನ್ನು ಎತ್ತಿದೆ. ಏನೂ ತೂಕವಿಲ್ಲ. ಖಾಲಿ!

ಅಪ್ಪ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ಮನೆಗೆ ಬಂದರೆ ಬರೀ ಮಸ್ಕಿರಿ. ಶೇಂಗಾ ಕಾಯಿಯ ಮೂತಿಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಕಾಳು ತಿಂದು, ಮತ್ತೆ ಒತ್ತಿ ಮುಚ್ಚಿ ಬುಟ್ಟಿಗೇ ಹಾಕೋರು. ಖಾಲಿ ಕಾಯಿ ಸಿಕ್ಕವರು ಬೈದರೆ ಪೇಪರ್ ಹಿಂದೆ ಮುಖ ಮುಚ್ಚಿಕೊಂಡು ನಗೋರು. ಅವರ ಅಂಗಿ ತೊಳೆಯಲು ತೆಗೆದಾಗ ಜೇಬಿನಲ್ಲಿ ಸಿಕ್ಕಿದ್ದು ಈ ಮೂರು. ಯಾರಿಗೋ ಹೂಡಿಟ್ಟ ಆಟ, ಅರ್ಧಕ್ಕೇ ನಿಂತಿತ್ತು.

ಅದನ್ನು ನೋಡಿ ಸುಮಾ ಜೋರಾಗಿ ನಕ್ಕುಬಿಟ್ಟರಂತೆ. ಇನ್ನೂ ದಿನಕರ್ಮ ಮುಗಿದಿರಲಿಲ್ಲ. "ಅಪ್ಪ ಸತ್ತಾನ, ನಗ್ತಿಯೇನು?" ಎಂದು ದೊಡ್ಡಮ್ಮ ಬೈದರು. ಆಮೇಲೆ ಮನೆಯಲ್ಲಿ ಯಾರೂ ಆ ಮನುಷ್ಯನ ಚ್ಯಾಷ್ಟಿ ಮಾತೇ ಎತ್ತಲಿಲ್ಲ. ಗೋಡೆಗೆ ಹಾಕಿದ್ದೂ ರೇಷನ್ ಕಾರ್ಡಿಗೆ ತೆಗೆಸಿದ್ದ ಫೋಟೊ, ದೊಡ್ಡದು ಮಾಡಿಸಿ. ಸುಮಾಳ ಮಗ ಕೇಳಿದ್ದನಂತೆ, "ಅಜ್ಜಗ ಯಾಕ ಸಿಟ್ಟು ಬಂದದ?"

ನಿದ್ದೆ ಕೆಡಿಸಿದ್ದು ಇದು. ಅಪ್ಪ ಹೋದ ದುಃಖ ಒಂದು ಕಡೆ, ನಕ್ಕ ಪಾಪ ಇನ್ನೊಂದು ಕಡೆ.

ಮೂರು ತಿಂಗಳ ದುಃಖ ಕಾಯಿಲೆಯಲ್ಲ ಅಂತ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11 ಕೂಡ ಕನಿಷ್ಠ 6 ತಿಂಗಳು ದಾಟಿದ ಮೇಲೂ ದುಃಖ ತೀವ್ರವಾಗೇ ಉಳಿದು, ದಿನದ ಬದುಕಿಗೆ ಅಡ್ಡಿಯಾದರೆ ಮಾತ್ರ ಅದನ್ನು ತೊಂದರೆ ಎನ್ನುತ್ತದೆ. ನಗೋದಂತೂ ಅಗೌರವವಲ್ಲ. ಸ್ಟ್ರೂಬ್ ಮತ್ತು ಶುಟ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದೇ: ದುಃಖದಲ್ಲಿರುವವರು ಅಳುವಿಗೂ ಬದುಕಿಗೂ ಮಧ್ಯೆ ಹೋಗಿಬಂದು ಮಾಡುತ್ತಾರೆ. ಸಾವಾದ ಮನೆಯಲ್ಲಿ ಒಂದು ರಾತ್ರಿ ಕಳೆದವರಿಗೆ ಇದು ಗೊತ್ತು, ಅಲ್ವಾ?

ಕೊಟ್ಟ ಸಲಹೆ ಜಾಸ್ತಿ ಏನಿಲ್ಲ. ಡಬ್ಬಿ ಇಟ್ಟುಕೊಳ್ಳಿ. ಅಪ್ಪನ ಒಂದೊಂದು ಮಸ್ಕಿರಿಯನ್ನೂ ಮಗನಿಗೆ ಹೇಳಿ, ಅಮ್ಮ ಕೇಳಿಸಿಕೊಳ್ಳುವ ಹಾಗೆ. ಅಮ್ಮನಿಂದ ನಗು ಮಾತ್ರ ಕೇಳಬೇಡಿ, ಗಂಡನನ್ನು ಕಳೆದುಕೊಂಡವರ ಲೆಕ್ಕವೇ ಬೇರೆ. ಅಪ್ಪ ನಗುತ್ತಿರುವ ಫೋಟೊ ಹುಡುಕಿ, ಸುಮ್ನೆ ಅಡುಗೆಮನೆಯಲ್ಲಿಡಿ. ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಎಳ್ಳ ಅಮಾವಾಸ್ಯೆ ಆದ ಮೇಲೆ ಸುಮಾ ಮತ್ತೆ ಬಂದರು. ಹೊಲಕ್ಕೆ ಹೋಗಿದ್ದರಂತೆ. ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡು ಎಲ್ಲರೂ ತೊಗರಿ ಸಾಲಿನ ಪಕ್ಕ ಶೇಂಗಾ ಬಿಡಿಸುತ್ತಾ ಕೂತಿದ್ದಾರೆ. ಅಮ್ಮನ ಕೈಗೆ ಖಾಲಿ ಕಾಯಿ ಬಂತು. ಮೊಮ್ಮಗ ಟವೆಲ್ ಹಿಂದೆ ಮುಖ ಮುಚ್ಚಿಕೊಂಡಿದ್ದ.

ಅಮ್ಮ ಅದನ್ನು ತುಂಬಾ ಹೊತ್ತು ನೋಡಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಒತ್ತಿ ಮುಚ್ಚಿ, ಸದ್ದಿಲ್ಲದೆ ದೊಡ್ಡಮ್ಮನ ಮುಂದಿದ್ದ ರಾಶಿಗೆ ಸೇರಿಸಿದರು.