ಹ್ಯಾಮ್ ರೇಡಿಯೋ (ಹವ್ಯಾಸಿ ರೇಡಿಯೋ) ಟವರ್ ನಿಲ್ಲಿಸಲು ಕ್ರೇನ್ ಬೇಕೇ ಬೇಕಾ?

ಬೇಕೇ ಬೇಕು ಅಂತೇನಿಲ್ಲ. ಜಿನ್ ಪೋಲ್ (ಟವರಿಗೇ ಬಿಗಿಯುವ, ರಾಟೆ ಇರುವ ಕಂಬ) ಕಟ್ಟಿ ಒಂದೊಂದೇ ತುಂಡು ಏರಿಸುವವರೂ ಇದ್ದಾರೆ. ಆದರೆ ಕ್ರೇನ್ ಇದ್ದರೆ ರೋಟೇಟರ್ (ಆಂಟೆನಾ ತಿರುಗಿಸುವ ಮೋಟಾರ್) ಸಮೇತ ಎಲ್ಲವನ್ನೂ ನೆಲದ ಮೇಲೇ ಜೋಡಿಸಬಹುದು.

ಕಾಂಕ್ರೀಟ್ ಬುನಾದಿ ಪೂರ್ತಿ ಗಟ್ಟಿಯಾಗಲು 28 ದಿನ ಬಿಡಿ. ಎತ್ತುವ ಬೆಲ್ಟನ್ನು ಟವರಿನ ಭಾರ ಸಮವಾಗುವ ಜಾಗಕ್ಕಿಂತ ಮೇಲೆ, ದಪ್ಪ ಕಾಲುಗಳಿಗೇ ಸುತ್ತಿ. ಸಣ್ಣ ಅಡ್ಡಪಟ್ಟಿಗೆ ಕಟ್ಟಿದರೆ ಅದು ಬಾಗುತ್ತದೆ. ಬುಡಕ್ಕೊಂದು ಹಗ್ಗ ಕಟ್ಟಿ ಯಾರಾದರೂ ಹಿಡಿದಿರಲಿ, ಇಲ್ಲದಿದ್ದರೆ ಗಿರ್ರನೆ ತಿರುಗುತ್ತದೆ. ಕ್ರೇನಿನವರಿಗೆ ಸುಮ್ನೆ ತೂಕ ಹೇಳಿದರೆ ಸಾಲದು, ಕ್ರೇನ್ ನಿಲ್ಲುವಲ್ಲಿಂದ ಬುನಾದಿಗೆ ಎಷ್ಟು ದೂರ ಅಂತಲೂ ಹೇಳಿ. ಬೂಮ್ (ಕ್ರೇನಿನ ತೋಳು) ದೂರ ಚಾಚಿದಷ್ಟೂ ಎತ್ತುವ ಶಕ್ತಿ ಕಮ್ಮಿ. ಗಾಳಿ ಜಾಸ್ತಿ ಇದ್ದರೆ, ಕರೆಂಟ್ ತಂತಿ ಹತ್ತಿರವಿದ್ದರೆ ಕೈ ಹಾಕಲೇಬೇಡಿ.

ಇನ್ನೊಂದು, ಮೇಲಿನ ಬೆಲ್ಟ್ ಬಿಚ್ಚುವವರು ಯಾರು ಅಂತ ಮೊದಲೇ ಯೋಚಿಸಿ. ಬುಡದ ಬೋಲ್ಟ್, ಗೈ ತಂತಿ (ಟವರನ್ನು ಸುತ್ತಲಿಂದ ಎಳೆದು ಹಿಡಿಯುವ ತಂತಿ) ಬಿಗಿಯುವ ತನಕ ಕ್ರೇನಿನ ಕೊಕ್ಕೆ ಸಡಿಲಿಸಬಾರದು.