ಎಡಿನ್‌ಬರೋ ಒಂದೇ ದಿನದಲ್ಲಿ: ಮೊದಲು ಬೆಟ್ಟ ಹತ್ತಿ

ಗ್ಲಾಸ್ಗೋದಲ್ಲಿ ಓದ್ತಾ ಇದ್ದೀರಿ, ನವೆಂಬರ್ ಕೊನೆಯ ಶನಿವಾರ ಗೆಳೆಯರ ಜೊತೆ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋಗೆ ಹೋಗ್ತೀರಿ, ಕೋಟೆಯ ಟಿಕೆಟ್‌ಗೆ ದುಡ್ಡು ಹಾಕಬೇಕಾ ಅಂತ ಕೇಳಿದ್ದೀರಿ. ಇರೋದು ಒಂದೇ ದಿನ ಅಂದ್ರೆ ನಾನು ಬೇಡ ಅಂತೀನಿ. ಕೋಟೆಯ ಮುಂದಿನ ಬಯಲಿನವರೆಗೆ ಸುಮ್ನೆ ಹೋಗಿ ಬನ್ನಿ, ಸಾಕು.

ಆ ಸಮಯದಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಬೆಳಗಿನ ರೈಲು ಹಿಡಿಯಿರಿ, ಸುಮಾರು 50 ನಿಮಿಷದ ದಾರಿ. ಇಳಿದ ಕೂಡಲೇ ಆರ್ಥರ್ಸ್ ಸೀಟ್ ಬೆಟ್ಟದ ಕಡೆ ನಡೆಯಿರಿ. ಎತ್ತರ 251 ಮೀಟರ್ ಅಷ್ಟೇ, ಆದರೆ ಅದು ಆರಿಹೋದ ಜ್ವಾಲಾಮುಖಿ! ಮೇಲೆ ನಿಂತರೆ ಒಂದು ಕಡೆ ಇಡೀ ಊರು, ಇನ್ನೊಂದು ಕಡೆ ಸಮುದ್ರ. ನಾವು ನಾಲ್ವರು ಅಲ್ಲೇ ಕೂತು ಡಬ್ಬಿಯ ಚಿತ್ರಾನ್ನ ತಿಂದೆವು. ಮನೆ ಬಿಟ್ಟು ಮೂರು ತಿಂಗಳಾಗಿತ್ತು. ಅವತ್ತೇ ಮೊದಲ ಸಲ ಈ ದೇಶ ನನಗೆ ಹತ್ತಿರ ಅನ್ನಿಸಿದ್ದು. ಒಂದು ಮಾತು, ಒಳ್ಳೆ ಹಿಡಿತದ ಶೂ ಹಾಕಿಕೊಳ್ಳಿ. ಇಳಿಯುವಾಗ ಒದ್ದೆ ಕಲ್ಲಿನ ಮೇಲೆ ಜಾರಿ ನನ್ನ ಮೊಣಕಾಲು ತರಚಿತ್ತು. ಗಾಳಿಯೂ ಜಾಸ್ತಿ.

ಮಧ್ಯಾಹ್ನ ಒಂದಕ್ಕೆ ಕೋಟೆಯ ಹತ್ತಿರ ಇರಿ. 1861ರಿಂದ ಒಂದು ಗಂಟೆಗೆ ಹಾರಿಸುತ್ತಾ ಬಂದಿರುವ ತೋಪಿನ ಸದ್ದು ಕೇಳಬಹುದು. ಭಾನುವಾರ ಹಾರಿಸುವುದಿಲ್ಲ, ನೀವು ಹೋಗೋದು ಶನಿವಾರ ಅಲ್ವಾ, ಒಳ್ಳೆಯದಾಯ್ತು.

ಆಮೇಲೆ ಕಾಲ್ಟನ್ ಹಿಲ್‌ನಲ್ಲಿ ಸೂರ್ಯಾಸ್ತ ನೋಡಿ. ಮಳೆ ಬಂದರೆ ನ್ಯಾಷನಲ್ ಮ್ಯೂಸಿಯಂಗೆ ಹೋಗಿ, ಪ್ರವೇಶ ಉಚಿತ. ತದ್ರೂಪಿ (ಕ್ಲೋನ್) ಕುರಿ ಡಾಲಿಯ ಸಂರಕ್ಷಿತ ದೇಹ ಅಲ್ಲೇ ಇದೆ.