ಸಂಬಳವಿಲ್ಲದ ಗವರ್ನರ್: ಒಂದು ಆಪ್ತಸಲಹೆ ಪ್ರಕರಣ

ರಾತ್ರಿ ಪಾಳಿ ಮುಗಿಸಿ, ಸಮವಸ್ತ್ರವನ್ನೂ ಬದಲಿಸದೆ ಕ್ಯಾಮೆರಾದ ಮುಂದೆ ಕುಳಿತಿದ್ದರು. ಇಂಗ್ಲೆಂಡಿನಲ್ಲಿ ಬೆಳಿಗ್ಗೆ ಒಂಬತ್ತು, ನಮ್ಮಲ್ಲಿ ಮಧ್ಯಾಹ್ನ ಒಂದೂವರೆ. ದಕ್ಷಿಣ ಕನ್ನಡದ ಕ್ಯಾಥೊಲಿಕ್ ಮನೆತನದ, ನಲವತ್ತು ದಾಟಿದ ನರ್ಸ್. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮೊದಲೇ ತುಂಬಿ ಕಳಿಸಿದ್ದ ನಮೂನೆಯಲ್ಲಿ ಅವರು ಬರೆದಿದ್ದದ್ದು ಎರಡೇ ಪದ: ನಿದ್ದೆ ಬರುವುದಿಲ್ಲ.

ರಾತ್ರಿ ಪಾಳಿಯವರಿಗೆ ನಿದ್ದೆಯ ತೊಂದರೆ ಹೊಸತಲ್ಲ. ಹಾಗಾಗಿ ಮೊದಲ ಭೇಟಿಯ ಮುಕ್ಕಾಲು ಗಂಟೆಯನ್ನು ನಾನು ಪರದೆ, ಕಾಫಿ, ಮೊಬೈಲ್ ಎಂದು ಮಾತನಾಡಿ ಕಳೆದುಬಿಟ್ಟೆ. ಆಕೆ ಎಲ್ಲಕ್ಕೂ ತಲೆಯಾಡಿಸಿದರು. ಎರಡನೆಯ ಭೇಟಿಯಲ್ಲಿ ಮಾತಿನ ಮಧ್ಯೆ "ಆ ಸಭೆಯ ದಿನದಿಂದ" ಎಂದರು. ಯಾವ ಸಭೆ ಎಂದು ಕೇಳಿದೆ.

"ಶಾಲೆಯದ್ದು ಮೇಡಂ. ನಾನು ಅಲ್ಲಿ ಗವರ್ನರ್."

ಹೇಳಿ ತಾವೇ ನಕ್ಕರು. ಗವರ್ನರ್ ಎಂದರೆ ನಮಗೆ ರಾಜಭವನ, ಪ್ರಮಾಣವಚನ. ಊರಿನಲ್ಲಿ ಅವರ ತಾಯಿ ಇಗರ್ಜಿಯ ಅಂಗಳದಲ್ಲಿ ಸಿಕ್ಕಿದವರಿಗೆಲ್ಲ ಮಗಳು ಗವರ್ನರ್ ಆಗಿದ್ದಾಳೆಂದು ಹೇಳಿಕೊಂಡು ಬಂದಿದ್ದರಂತೆ. ಇಂಗ್ಲೆಂಡಿನಲ್ಲಿ ಶಾಲಾ ಗವರ್ನರ್ ಎಂದರೆ ಆಡಳಿತ ಮಂಡಳಿಯ ಸ್ವಯಂಸೇವಕ ಸದಸ್ಯ. ಸಂಬಳವಿಲ್ಲ. ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ. ನಮ್ಮ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿಗೆ ಹೋಲಿಸಬಹುದು, ಆದರೆ ಅಧಿಕಾರ ಅದಕ್ಕಿಂತ ಬಹಳ ದೊಡ್ಡದು. ಆಕೆಯದು ಸರ್ಕಾರದ ಅನುದಾನದಲ್ಲಿ ನಡೆಯುವ ಕ್ಯಾಥೊಲಿಕ್ ಪ್ರಾಥಮಿಕ ಶಾಲೆ. ಅಂಥಲ್ಲಿ ಶಿಕ್ಷಕರಿಗೆ ಕೆಲಸ ಕೊಡುವುದು, ಪ್ರವೇಶದ ನಿಯಮ ಮಾಡುವುದು ಮಂಡಳಿಯೇ. ಬಿಷಪರು ನೇಮಿಸುವ ಸದಸ್ಯರನ್ನು ಫೌಂಡೇಶನ್ ಗವರ್ನರ್ ಎನ್ನುತ್ತಾರೆ. ಉಳಿದೆಲ್ಲ ಸದಸ್ಯರನ್ನು ಕೂಡಿಸಿದರೂ ಇವರ ಸಂಖ್ಯೆ ಎರಡು ಹೆಚ್ಚಿರಬೇಕೆಂಬುದು ಕಾನೂನು. ಪೂಜೆ ಮುಗಿಸಿ ಹೊರಟವರನ್ನು ತಡೆದು ಫಾದರ್ ಕೇಳಿದಾಗ ಈಕೆ ಬೇಡವೆನ್ನಲಿಲ್ಲ. "ಫಾದರ್ ಕೇಳಿದ ಮೇಲೆ ಬೇಡ ಅನ್ನುವುದು ಹೇಗೆ?"

ಆ ಸಭೆಯಲ್ಲಿ ನಡೆದದ್ದು ಇಷ್ಟು. ಅಲ್ಲಿ ಶಾಲೆಯ ಒಂದನೆಯ ವರ್ಷದ, ಐದಾರು ವಯಸ್ಸಿನ ಮಕ್ಕಳು ಅಕ್ಷರಗಳ ಧ್ವನಿ ಕೂಡಿಸಿ ಓದುತ್ತಾರೆಯೇ ಎಂದು ಪ್ರತಿ ಜೂನ್‌ನಲ್ಲಿ ದೇಶದಾದ್ಯಂತ ಪರೀಕ್ಷಿಸುತ್ತಾರೆ. ಫೋನಿಕ್ಸ್ ತಪಾಸಣೆ ಎಂದು ಅದರ ಹೆಸರು. ಈ ಬಾರಿ ಕಡಿಮೆ ಮಕ್ಕಳು ತೇರ್ಗಡೆಯಾಗಬಹುದೆಂದು ಮುಖ್ಯೋಪಾಧ್ಯಾಯಿನಿಯ ವರದಿಯ ಒಂದು ಸಾಲಿನಲ್ಲಿತ್ತು. ಒಂದೂವರೆ ವರ್ಷ ತುಟಿ ಬಿಚ್ಚದೆ ಕುಳಿತಿದ್ದ ಈಕೆ ಅಂದು ಪ್ರಶ್ನೆ ಕೇಳಿದರು. "ಅದು ದಿನನಿತ್ಯದ ಆಡಳಿತದ ವಿಷಯ" ಎಂದು ಮುಖ್ಯೋಪಾಧ್ಯಾಯಿನಿ ಮುಂದಿನ ಪುಟ ತಿರುಗಿಸಿದರು. ಯಾರೂ ಮಾತನಾಡಲಿಲ್ಲ. ಅಂದಿನಿಂದ, ಮಲಗಿದರೆ ಪುಟ ತಿರುಗಿಸಿದ ಸದ್ದೇ ಕಿವಿಯಲ್ಲಿ.

ಇದರ ಮೇಲೆ ಏಪ್ರಿಲ್ 16 ಬಂತು. ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಯ ಸೀಟು ಯಾರಿಗೆ ಎಂದು ತಿಳಿಸುವ ದಿನ ಅದು. ಅದೇ ಪಟ್ಟಣದಲ್ಲಿರುವ ಮಂಗಳೂರಿನ ಗೆಳತಿಯೊಬ್ಬರ ಮಗುವಿಗೆ ಈ ಶಾಲೆಯಲ್ಲಿ ಸೀಟು ಸಿಗಲಿಲ್ಲ. "ಅಕ್ಕಾ, ನೀವಿದ್ದೂ ಹೀಗಾಯಿತಲ್ಲ" ಎಂಬ ಒಂದು ಸಂದೇಶ ಬಂತು, ಆಮೇಲೆ ಮಾತಿಲ್ಲ. ಮನೆಯಲ್ಲಿ ಗಂಡ, "ಸಂಬಳವಿಲ್ಲದ ಕೆಲಸಕ್ಕೆ ಇಷ್ಟು ಸಂಕಟ ಯಾಕೆ? ರಾಜೀನಾಮೆ ಕೊಟ್ಟು ಆರಾಮಾಗಿರು" ಎಂದಿದ್ದಾರೆ. ಪತ್ರ ಬರೆದೂ ಆಗಿತ್ತು. ಕಳಿಸುವ ಮುನ್ನ ನನ್ನ ಅಭಿಪ್ರಾಯ ಬೇಕಿತ್ತು.

ರಾಜೀನಾಮೆಯ ವಿಷಯ ಆಮೇಲೆ ನೋಡೋಣ ಎಂದೆ. ಸಭೆಯಲ್ಲಿ ಕೇಳಿದ ಪ್ರಶ್ನೆಯನ್ನು ಒಂದು ಪದವೂ ಬಿಡದೆ ಬರೆಯಲು ಹೇಳಿದೆ. ನೊಂದವರು ತಮಗೆ ಸಿಕ್ಕ ಉತ್ತರವನ್ನು ಅಕ್ಷರಶಃ ನೆನಪಿಟ್ಟುಕೊಂಡಿರುತ್ತಾರೆ. ತಾವು ಆಡಿದ ಮಾತು ಮಾತ್ರ ಮಸುಕಾಗಿರುತ್ತದೆ. ಬರೆದದ್ದನ್ನು ಓದಿ ಹೇಳಿದರು: "ಓದುವ ಮಕ್ಕಳ ಸಂಖ್ಯೆ ಯಾಕೆ ಇಳಿಯುತ್ತಿದೆ, ಆ ತರಗತಿಗೆ ಯಾವ ಟೀಚರ್ ಹೋಗುತ್ತಾರೆ?"

ಇದರಲ್ಲಿ ಪ್ರಶ್ನೆಗಳು ಎರಡಿವೆ. ಸಂಖ್ಯೆ ಯಾಕೆ ಇಳಿಯಿತು ಎಂದು ಕೇಳುವುದಕ್ಕಾಗಿಯೇ ಗವರ್ನರ್‌ಗಳಿರುವುದು. ಶಾಲೆಯ ದಾರಿ ನಿರ್ಧರಿಸುವುದು, ಮಕ್ಕಳ ಕಲಿಕೆಗೆ ಮುಖ್ಯೋಪಾಧ್ಯಾಯರನ್ನು ಉತ್ತರದಾಯಿ ಮಾಡುವುದು, ಹಣದ ಮೇಲೆ ಕಣ್ಣಿಡುವುದು, ಈ ಮೂರು ಅವರ ಮುಖ್ಯ ಕೆಲಸ. ಯಾವ ಟೀಚರ್ ಎಂದು ಕೇಳುವುದು ಮಾತ್ರ ಗೆರೆಯ ಆಚೆಗಿನದು. ತರಗತಿಗೆ ಯಾರನ್ನು ಹಾಕಬೇಕೆಂಬುದು ನಿಜಕ್ಕೂ ದಿನನಿತ್ಯದ ಆಡಳಿತ. ಮುಖ್ಯೋಪಾಧ್ಯಾಯಿನಿಗೆ ಕೇಳಿಸಿದ್ದು ಬಹುಶಃ ಎರಡನೆಯದು ಮಾತ್ರ. ತಮ್ಮ ಶಿಕ್ಷಕಿಯೊಬ್ಬರ ಕಡೆ ಬೆರಳು ತಿರುಗಿತು ಎಂದು ಕಂಡಿರಬೇಕು. ಅವರ ಉತ್ತರ ಒರಟಾಗಿತ್ತು, ಪೂರ್ತಿ ತಪ್ಪಾಗಿರಲಿಲ್ಲ. ಇದನ್ನು ಹೇಳಲು ನನಗೆ ಹಿಂಜರಿಕೆಯಿತ್ತು. ಆದರೆ ಆಕೆಯ ಮುಖ ಸಡಿಲಾಯಿತು. ತಪ್ಪಿದ್ದು ಎಲ್ಲಿ ಎಂದು ಗೊತ್ತಾದರೆ ಮನಸ್ಸು ತಿಂಗಳುಗಟ್ಟಲೆ ಇಡೀ ಸಭೆಯನ್ನು ಮರಳಿ ಮರಳಿ ತಡಕಾಡಬೇಕಿಲ್ಲ.

ಇನ್ನೊಂದು ಗಂಟು ಹಳೆಯದು, ಊರಿನದು. ಆಕೆ ಓದಿದ್ದು ಚರ್ಚಿನ ಆಡಳಿತದ ಶಾಲೆಯಲ್ಲಿ. ಫಾದರ್ ಸಂಚಾಲಕರು, ಸಿಸ್ಟರ್ ಮುಖ್ಯೋಪಾಧ್ಯಾಯಿನಿ. ಹೆತ್ತವರು ಶಾಲೆಗೆ ಹೋಗುತ್ತಿದ್ದದ್ದು ಸಹಿ ಹಾಕಲು ಅಥವಾ ಬೈಸಿಕೊಳ್ಳಲು. ಅಂಥಲ್ಲಿ ಬೆಳೆದವರಿಗೆ ಬಿಷಪರು ನೇಮಿಸಿದ್ದಾರೆ ಎಂದರೆ ಶಾಲೆಯ ಮಾನ ಕಾಯಲು ನೇಮಿಸಿದ್ದಾರೆ, ಮಾನ ಕಾಯುವುದೆಂದರೆ ಸುಮ್ಮನಿರುವುದು ಎಂದು ತಾನೇ ಅರ್ಥವಾಗುತ್ತದೆ. ನಾನು ಧರ್ಮದ ವಿಷಯದಲ್ಲಿ ಉಪದೇಶ ಮಾಡುವವಳಲ್ಲ. ಧರ್ಮಪ್ರಾಂತ್ಯದ ತರಬೇತಿಯಲ್ಲಿ ಏನು ಹೇಳಿದ್ದರು ಎಂದಷ್ಟೇ ಕೇಳಿದೆ. ಆಕೆಗೆ ನೆನಪಿದ್ದದ್ದು ಒಂದು ಚರಿತ್ರೆ: 1852ರಲ್ಲಿ ಅಲ್ಲಿನ ಬಿಷಪರು ಸಭೆ ಸೇರಿ, ಚರ್ಚಿಗಿಂತ ಮೊದಲು ಶಾಲೆ ಕಟ್ಟಿ ಎಂದಿದ್ದರು, ಬಡ ಐರಿಷ್ ವಲಸಿಗರು ಪೆನ್ನಿ ಪೆನ್ನಿ ಕೂಡಿಸಿ ಕೊಟ್ಟಿದ್ದರು. ಹೇಳುತ್ತಾ ಹೇಳುತ್ತಾ ಆಕೆಯೇ ನಿಂತರು. "ಆ ಮಕ್ಕಳು ಓದಲು ಕಲಿಯಲಿ ಅಂತ ತಾನೇ ಕೊಟ್ಟದ್ದು?" ನಾನು ಏನೂ ಸೇರಿಸಲಿಲ್ಲ.

ಮೂರನೆಯ ಭೇಟಿಯಲ್ಲಿ ವಾರ್ಡಿನ ಬಗ್ಗೆ ಕೇಳಿದೆ. ವೈದ್ಯರು ಬರೆದ ಔಷಧದ ಪ್ರಮಾಣ ಹೆಚ್ಚೆನಿಸಿದರೆ ಏನು ಮಾಡುತ್ತೀರಿ? "ಕೊಡುವುದಿಲ್ಲ. ಫೋನ್ ಮಾಡಿ ಕೇಳುತ್ತೇನೆ." ರಾತ್ರಿ ಮೂರು ಗಂಟೆಗಾದರೂ? "ಮೂರು ಗಂಟೆಗಾದರೂ." ವೈದ್ಯರು ಸಿಡುಕಿದರೆ? "ಸಿಡುಕಲಿ. ಇನ್ನೊಮ್ಮೆ ಕೇಳುತ್ತೇನೆ." ಅದಕ್ಕೆ ನಿದ್ದೆ ಕೆಡುತ್ತದೆಯೇ? ಆಕೆ ಉತ್ತರಿಸಲಿಲ್ಲ. ನನ್ನನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕುಳಿತಿದ್ದರು.

ಕೊಟ್ಟ ಸಲಹೆ ಹೀಗಿತ್ತು. ರಾಜೀನಾಮೆ ಪತ್ರವನ್ನು ಹರಿಯಬೇಡಿ, ಕಳಿಸಲೂ ಬೇಡಿ. ಬೇಸಿಗೆಯ ಸಭೆ ಮುಗಿಯುವವರೆಗೆ ಮೇಜಿನ ಖಾನೆಯಲ್ಲಿರಲಿ. ಸಭೆಯ ಕಾಗದಪತ್ರ ಏಳು ದಿನ ಮೊದಲೇ ಕೈಸೇರುತ್ತವೆ. ಓದಿ, ಒಂದೇ ಒಂದು ಪ್ರಶ್ನೆ ಬರೆದು ಅಧ್ಯಕ್ಷರಿಗೆ ಮುಂಚಿತವಾಗಿ ಕಳಿಸಿ. ಪ್ರಶ್ನೆಯಲ್ಲಿ ವ್ಯಕ್ತಿಯ ಮಾತು ಬೇಡ, ಮಕ್ಕಳ ಮಾತಿರಲಿ: "ಈ ಇಳಿಕೆಗೆ ಶಾಲೆ ಕಂಡುಕೊಂಡ ಕಾರಣವೇನು, ಮುಂದಿನ ಸಭೆಯ ಹೊತ್ತಿಗೆ ನಾವು ಯಾವ ಬದಲಾವಣೆ ನೋಡಬಹುದು?" ಮುಖ್ಯೋಪಾಧ್ಯಾಯಿನಿಯನ್ನು ಸಭೆಗೆ ಮುಂಚೆ ಒಮ್ಮೆ ಭೇಟಿಯಾಗಿ, ಟೀಚರ್ ವಿಷಯ ಕೇಳಬಾರದಿತ್ತು ಎಂದು ಒಪ್ಪಿಕೊಳ್ಳಿ. ಅಷ್ಟಕ್ಕೇ ನಿಲ್ಲಿಸಿ. ಓದಿನ ಪ್ರಶ್ನೆಗೂ ಸೇರಿಸಿ ಕ್ಷಮೆ ಕೇಳಬೇಡಿ. ನಮ್ಮ ಹೆಣ್ಣುಮಕ್ಕಳು ಕ್ಷಮೆ ಕೇಳಲು ಹೊರಟರೆ ಹಿಡಿತ ತಪ್ಪಿ, ಮಾಡದ್ದಕ್ಕೂ ಸೇರಿಸಿ ಕೇಳಿ ಬರುತ್ತಾರೆ.

ಪಾಳಿಯ ವಿಷಯದಲ್ಲಿ ಅವರಿಗೊಂದು ಹಕ್ಕಿತ್ತು, ಗೊತ್ತಿರಲಿಲ್ಲ. ಅಲ್ಲಿನ 1996ರ ಉದ್ಯೋಗ ಹಕ್ಕುಗಳ ಕಾಯಿದೆಯ 50ನೆಯ ಕಲಂ ಪ್ರಕಾರ, ಇಂಥ ಶಾಲೆಯ ಗವರ್ನರ್ ಆಗಿರುವ ನೌಕರರಿಗೆ ಆ ಕೆಲಸಕ್ಕಾಗಿ ಮಿತವಾದ ಬಿಡುವು ಕೊಡಬೇಕು. ಆ ಹೊತ್ತಿನ ಸಂಬಳ ಕೊಡಲೇಬೇಕೆಂದಿಲ್ಲ. ರಾತ್ರಿ ಪಾಳಿ ಮುಗಿಸಿ ಮಲಗದೆ ಸಭೆಗೆ ಓಡುವುದನ್ನು ಇದೊಂದೇ ತಪ್ಪಿಸಬಹುದಿತ್ತು. ಗಂಡನ ಮಾತಿನಲ್ಲಿದ್ದ ನ್ಯಾಯವೂ ಇದೇ. ಎರಡು ಉಪಸಮಿತಿಗಳಲ್ಲಿ ಒಂದನ್ನು ಬಿಟ್ಟುಬಿಡಲು ಹೇಳಿದೆ.

ಗೆಳತಿಯ ವಿಷಯ ನಾನು ಅಂದುಕೊಂಡದ್ದಕ್ಕಿಂತ ಕಷ್ಟವಾಗಿತ್ತು. ಒಬ್ಬ ಗವರ್ನರ್ ಒಂಟಿಯಾಗಿ ಯಾರಿಗೂ ಸೀಟು ಕೊಡಿಸಲಾರ. ಅರ್ಜಿಗಳು ಪ್ರಕಟಿತ ನಿಯಮದಂತೆ ಸಾಲು ಹಿಡಿಯುತ್ತವೆ. ಚಿಕ್ಕ ತರಗತಿಗಳಲ್ಲಿ ಒಬ್ಬ ಶಿಕ್ಷಕರಿಗೆ ಮೂವತ್ತು ಮಕ್ಕಳೆಂಬ ಮಿತಿಯಿದೆ. ಮೇಲ್ಮನವಿ ಕೇಳುವುದು ಸ್ವತಂತ್ರ ಸಮಿತಿ. ಇದೆಲ್ಲ ಆಕೆಗೆ ಗೊತ್ತಿತ್ತು. ಆದರೆ ಫೋನ್ ಮಾಡಿ ಒಂದು ಮಾತು ಹೇಳಿದರೆ ಆಗುವ ಊರಿನಿಂದ ಬಂದ ಗೆಳತಿಗೆ ನಿಯಮದ ಮಾತು ನೆಪವಾಗಿ ಕೇಳಿಸುತ್ತದೆ. ವಿವರಿಸಲು ಹೋಗಬೇಡಿ ಎಂದೆ. "ನಿನ್ನ ಮಗುವಿಗೆ ಸೀಟು ಸಿಗದಿದ್ದದ್ದು ನನಗೂ ನೋವೇ. ಅದು ನನ್ನ ಕೈಯಲ್ಲಿರಲಿಲ್ಲ. ಮೇಲ್ಮನವಿಯ ಅರ್ಜಿ ಎಲ್ಲಿ ಸಿಗುತ್ತದೆಂದು ಮಾತ್ರ ತಿಳಿಸಬಲ್ಲೆ." ಮಂಡಳಿಯೊಳಗೆ ಯಾರು ಏನು ಹೇಳಿದರು ಎಂಬುದು ಯಾವ ಕಾರಣಕ್ಕೂ ಬಾಯಿಗೆ ಬರಬಾರದು. ಆ ಮೂರು ವಾಕ್ಯಗಳನ್ನು ನನ್ನೆದುರಿಗೆ ಕೊಂಕಣಿಯಲ್ಲಿ ಹೇಳಿ ಅಭ್ಯಾಸ ಮಾಡಿದರು. ಕೊಂಕಣಿಯಲ್ಲಿ ಹೇಳುವಾಗ ಅತ್ತರು.

ಜುಲೈ ಕೊನೆಯಲ್ಲಿ ಮತ್ತೆ ಕರೆ ಮಾಡಿದರು. ಪ್ರಶ್ನೆ ಕೇಳಿದ್ದರು. ಮುಖ್ಯೋಪಾಧ್ಯಾಯಿನಿ ಹತ್ತು ನಿಮಿಷ ಉತ್ತರಿಸಿದ್ದರು, ಉತ್ತರ ಪೂರ್ತಿ ಒಪ್ಪುವಂತಿರಲಿಲ್ಲವಂತೆ. ಸೆಪ್ಟೆಂಬರಿನಲ್ಲಿ ಮತ್ತೆ ಕೇಳುತ್ತಾರಂತೆ. ಸಭೆಯ ನಡಾವಳಿಯನ್ನು ನನಗೆ ತೋರಿಸುವ ಹಾಗಿಲ್ಲ ಎಂದು ತಾವೇ ಹೇಳಿ, ಅದರಲ್ಲಿ ತಮ್ಮ ಹೆಸರಿಲ್ಲವೆಂಬುದನ್ನು ಮಾತ್ರ ತಿಳಿಸಿದರು: "ಒಬ್ಬ ಗವರ್ನರ್ ಕೇಳಿದರು" ಎಂದಷ್ಟೇ ಇದೆ. ತಾಯಿಗೆ ಇದರಿಂದ ಬೇಸರವಾಗಿದೆಯಂತೆ.

ಪಾಳಿಯ ದಿನಗಳಲ್ಲಿ ಐದು ಗಂಟೆ ನಿದ್ದೆ ಬರುತ್ತಿದೆ. ಗೆಳತಿ ಇನ್ನೂ ಮಾತನಾಡಿಲ್ಲ.